ಪರದೆಯ ಅಂಚಿನ ದುಡ್ಡು

ಮೀನುಗಾರರ ಊರಾದ ಆರ್ನೆಮೈಡನ್‌ನ ನಮ್ಮ ಬೀದಿಯಲ್ಲಿ ಟಾನೆಕೆ ಚಿಕ್ಕಮ್ಮನ ಮನೆಯ ಪರದೆಗಳಷ್ಟು ನೆಟ್ಟಗೆ ಇಳಿಬೀಳುವ ಪರದೆಗಳು ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಕಿಟಕಿ ತೆರೆದಿದ್ದರೂ, ಸಮುದ್ರದ ಗಾಳಿ ನುಗ್ಗಿದರೂ ಅವು ಅಲುಗುತ್ತಿರಲಿಲ್ಲ. ಅದರ ಗುಟ್ಟು ಪಕ್ಕದ ಮನೆಯವಳಾದ ನನಗೆ ತಿಳಿದದ್ದು ಹೋದ ಮಾರ್ಚಿನಲ್ಲಿ, ಚಿಕ್ಕಮ್ಮ ಕತ್ತರಿ ಹಿಡಿದು ನನ್ನನ್ನು ಕರೆದಾಗ.

"ನನ್ನ ಕಣ್ಣಿಗೆ ಹೊಲಿಗೆ ಕಾಣಲ್ಲ ಕಣೇ. ನೀನೇ ಬಿಚ್ಚು."

ಅಂಚಿನ ಮಡಿಕೆ ಬಿಚ್ಚಿದೆ. ಪರದೆ ಹಾರದಂತೆ ಭಾರಕ್ಕೆಂದು ಸೀಸದ ತುಂಡುಗಳು ಇರಬೇಕಾದ ಜಾಗದಿಂದ, ಯೂರೋಗೂ ಹಿಂದಿನ ಕಾಲದ ಎರಡೂವರೆ ಗಿಲ್ಡರಿನ ನಾಣ್ಯಗಳು ಒಂದೊಂದಾಗಿ ನನ್ನ ಮಡಿಲಿಗೆ ಉದುರಿದವು.

ಈ ಊರಿನ ಹೆಂಗಸರೆಲ್ಲರಂತೆ ಅವಳೂ ಅಡುಗೆಮನೆಯ ಮೇಜಿನ ಮೇಲೆ ಸೀಗಡಿ ಸುಲಿದವಳು. ದೋಣಿ ಬಂದ ದಿನ ಮಕ್ಕಳು ಏಳುವ ಮೊದಲೇ ಶುರು. ಅವರನ್ನು ಸ್ಕೂಲಿಗೆ ಕಳಿಸಿ, ನೆಲ ಒರೆಸಿ, ಆಲೂಗಡ್ಡೆ ಒಲೆಗಿಟ್ಟು, ಮತ್ತೆ ಸೀಗಡಿ. ಬೆರಳ ತುದಿ ಒಡೆದು ಉಪ್ಪು ಹತ್ತಿ ಉರಿಯುತ್ತಿತ್ತು. ಗಂಡ ಮರೀನುಸ್ ಸಮುದ್ರದಿಂದ ತಂದದ್ದು ಸಂಪಾದನೆ; ಅವಳು ಸುಲಿದು ಗಳಿಸಿದ್ದು ಮನೆಗೆ ಒಂದಿಷ್ಟು ಸಹಾಯ. ಶನಿವಾರ ಅವನು ಅವಳ ಪರ್ಸನ್ನು ಮೇಜಿನ ಮೇಲೆ ಸುರಿದು ಎಣಿಸುತ್ತಿದ್ದ. ಅದಕ್ಕೂ ಮೊದಲೇ ಒಂದು ನಾಣ್ಯ ಪರದೆ ಸೇರಿರುತ್ತಿತ್ತು. ಕಪಾಟು, ಹಾಸಿಗೆ, ಬಿಸ್ಕತ್ತಿನ ಡಬ್ಬಿ ಎಲ್ಲಕ್ಕೂ ಗಂಡಸು ಕೈ ಹಾಕಬಹುದು. ಆದರೆ ಪರದೆ ಒಗೆಯುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

"ಯೂರೋ ಬಂದಾಗ್ಲೇ ಯಾಕೆ ಬದಲಾಯಿಸ್ಲಿಲ್ಲ, ಚಿಕ್ಕಮ್ಮ?"

"ಅಷ್ಟೊತ್ತಿಗೆ ಅವ್ರು ದೋಣಿ ಬಿಟ್ಟು ಮನೇಲೇ ಕೂತಿದ್ರಲ್ಲ! ಇಡೀ ದಿನ ಆ ಕುರ್ಚಿ, ಎದುರಿಗೆ ಈ ಪರದೆ. ಅವ್ರ ಕಣ್ಣೆದುರು ಬಿಚ್ಚೋದು ಹೇಗೆ? ಹಳೇ ದುಡ್ಡಿಗೆ ಮೂವತ್ತು ವರ್ಷ ಟೈಮಿದೆ ಅಂತ ಎಲ್ರೂ ಹೇಳ್ತಿದ್ರು. ಇರ್ಲಿ ಬಿಡು ಅಂದ್ಕೊಂಡೆ."

ಈಗ ಮರೀನುಸ್‌ಗೆ ಮರೆವಿನ ಕಾಯಿಲೆ. ಅವಳು ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತಾನೆ. ಅವಳು ನೆಮ್ಮದಿಯಾಗಿ ನಿದ್ದೆ ಮಾಡಿ ಯಾವ ಕಾಲವಾಯಿತೋ. "ಎರಡು ವಾರ ನನ್ನ ಹತ್ರ ಬಂದು ಬರೀ ಮಲಗು" ಎಂದು ತಂಗಿ ಕೋಬಾ ಕರೆಯುತ್ತಲೇ ಇದ್ದಳು. ಅಷ್ಟು ದಿನ ಅವನನ್ನು ಆರೈಕೆ ಮನೆಯಲ್ಲಿ ಇರಿಸಲು ದುಡ್ಡು ಬೇಕು. ಬ್ಯಾಂಕ್ ಕಾರ್ಡ್ ಇರುವುದು ಮಗ ಕ್ರೈನ್‌ನ ಕೈಯಲ್ಲಿ. ಕೇಳಿದರೆ, "ಅಪ್ಪ ಮನೇಲಿ ನಿನ್ನ ಕೈಯಲ್ಲಿ ಎಷ್ಟು ಚೆನ್ನಾಗಿದಾರಲ್ಲಮ್ಮಾ" ಅನ್ನುತ್ತಾನೆ.

ಬುಧವಾರಗಳಂದು ಮರೀನುಸ್‌ನನ್ನು ಹಗಲಿನ ಆರೈಕೆಯ ವ್ಯಾನು ಕರೆದೊಯ್ದು ಸಂಜೆಗೆ ಬಿಡುತ್ತದೆ. ಅಂಥದೊಂದು ಬುಧವಾರ, ಗಂಡನನ್ನು ವ್ಯಾನು ಹತ್ತಿಸಿದ ಕೂಡಲೇ ನಾವಿಬ್ಬರೂ ಹಳೇ ದುಡ್ಡು ಬದಲಾಯಿಸಿಕೊಡುವ ಬ್ಯಾಂಕಿಗೆಂದು ಆಮ್‌ಸ್ಟರ್‌ಡ್ಯಾಮಿನ ರೈಲು ಹಿಡಿದೆವು. ನಾಣ್ಯದ ಚೀಲವನ್ನು ಅವಳು ಪಕ್ಕದ ಸೀಟಿನ ಮೇಲೂ ಇಡಲಿಲ್ಲ.

"ಕೋಬಾನ ಮನೇಲಿ ಮೊದಲ ದಿನ ಏನ್ ಮಾಡ್ತೀಯಾ?" ಎಂದೆ.

"ಯಾರಾದ್ರೂ ಕಾಫಿ ತಂದು ಕೊಡೋವರೆಗೂ ಏಳಲ್ಲ. ತಂದ್ಕೊಟ್ರೂ ಏಳಲ್ಲ ಅನ್ಕೋ!" ಎಂದು ನಕ್ಕಳು.

ಬ್ಯಾಂಕಿನ ಗಾಜಿನಾಚೆ ಕೂತ ಹುಡುಗಿ ಚೀಲವನ್ನು ನೋಡಿಯೇ ತಲೆಯಾಡಿಸಿದಳು.

"ನೋಟಾದ್ರೆ ತಗೋತೀವಿ ಅಮ್ಮಾ. ನಾಣ್ಯ ಬದಲಾಯಿಸೋ ಗಡುವು ಎರಡು ಸಾವಿರದ ಏಳರಲ್ಲೇ ಮುಗಿದುಹೋಯ್ತು."

"ಎರಡೂ ಒಂದೇ ರಾಣಿಯ ದುಡ್ಡಲ್ವಾ?"

"ಹೌದು. ಆದ್ರೆ ನೋಟಿಗೆ ಒಂದು ಕಾನೂನು, ನಾಣ್ಯಕ್ಕೆ ಇನ್ನೊಂದು."

"ನಮಗೆ ಕೂಲಿ ಕೊಟ್ಟಿದ್ದೇ ನಾಣ್ಯದಲ್ಲಿ ಕಣಮ್ಮಾ. ಸೀಗಡಿ ಸುಲಿಯೋಳಿಗೆ ಯಾರು ನೋಟು ಕೊಡ್ತಿದ್ರು?"

ಹುಡುಗಿ ನಿಜವಾಗಿಯೂ ನೊಂದುಕೊಂಡಳು. "ಒಂದಾದ್ರೂ ನೋಟಿಲ್ವಾ?" ಎಂದು ಅವಳೇ ಕೇಳಿದಳು. ಇತ್ತು. ಕೋಬಾ ಯಾವಾಗಲೋ ಕೊಟ್ಟಿದ್ದ, ಸೂರ್ಯಕಾಂತಿ ಚಿತ್ರದ ಐವತ್ತರ ನೋಟು. ಇಪ್ಪತ್ತೆರಡು ಯೂರೋ ಚಿಲ್ಲರೆ ಬರುತ್ತದಂತೆ.

"ಖಾತೆ ನಂಬರ್ ಹೇಳಿ."

"ಕೈಗೆ ಕೊಡಲ್ವಾ?"

"ಇಲ್ಲಮ್ಮಾ, ಖಾತೆಗೇ ಹಾಕ್ತೀವಿ."

ಚಿಕ್ಕಮ್ಮ ನೋಟನ್ನು ಮಡಚಿ ಪರ್ಸಿಗೆ ವಾಪಸು ಹಾಕಿಕೊಂಡಳು. "ಹಾಗಾದ್ರೆ ಬೇಡ."

"ನನ್ನ ಖಾತೆಗೇ ಹಾಕಿಸೋಣ" ಎಂದು ನಾನು ತಡೆದೆ.

"ಬೇಡ ಕಣೇ. ಅಷ್ಟರಲ್ಲಿ ಅವ್ರನ್ನ ಒಂದು ಮಧ್ಯಾಹ್ನ ಅಲ್ಲಿ ಇರಿಸೋಕೂ ಆಗಲ್ಲ."

ವಾಪಸು ಬರುವಾಗಲೂ ಚೀಲ ಅವಳ ತೊಡೆಯ ಮೇಲೇ ಇತ್ತು. ವ್ಯಾನು ಬರುವ ಮುಂಚೆ ಮನೆ ಮುಟ್ಟಬೇಕಿತ್ತು, ಮುಟ್ಟಿದೆವು. ಕೋಟು ತೆಗೆಯದೆಯೇ ಅವಳು ಆಲೂಗಡ್ಡೆ ಹೆರೆಯಲು ನಿಂತಳು.

ಮರೀನುಸ್ ಬಂದು ಕುರ್ಚಿಯಲ್ಲಿ ಕೂತ. ಪರದೆ ಬಿಚ್ಚಿದ ಮೇಲೆ ಮೊದಲ ಸಲ ಕಿಟಕಿ ತೆರೆದಿತ್ತು. ಭಾರ ಕಳೆದುಕೊಂಡ ಪರದೆ ಉಬ್ಬಿ ಅವನ ಮುಖದವರೆಗೂ ಬಂತು.

"ಯಾರೋ ಬಂದ್ರು! ಟಾನೆಕೆ, ಯಾರೋ ಒಳಗೆ ಬಂದ್ರು!" ಎಂದು ಚೀರುತ್ತಾ ಊರುಗೋಲಿನಿಂದ ಬಡಿಯತೊಡಗಿದ.

ಕಿಟಕಿ ಮುಚ್ಚಿದೆವು. ಆದರೂ ಅವನು ಊರುಗೋಲು ಬಿಡಲಿಲ್ಲ. ಪರದೆಯ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ಇವತ್ತೂ ನಿದ್ದೆಯಿಲ್ಲ ಎಂದು ಅವಳಿಗೆ ಗೊತ್ತಾಯಿತು. ಕೈ ಒರೆಸಿಕೊಂಡು ನನ್ನ ಮುಂದೆ ಬಂದು ಕೂತಳು.

"ಸೂಜಿ ಪೋಣಿಸಿಕೊಡು."

ಅವಳು ನಾಣ್ಯ ಮಡಿಕೆಯೊಳಗೆ ತಳ್ಳುತ್ತಾ ಹೋದಳು, ನಾನು ಹೊಲಿಯುತ್ತಾ ಹೋದೆ. ಅಷ್ಟರಲ್ಲಿ ಕೋಬಾನ ಫೋನು ಬಂತು. ಅವಳ ದನಿ ನನಗೂ ಕೇಳಿಸುತ್ತಿತ್ತು.

"ಏನಾಯ್ತೇ? ಯಾವತ್ತು ಬರ್ತೀಯಾ? ಹಾಸಿಗೆ ಹಾಸಿಟ್ಟಿದೀನಿ."

"ಪರದೆ ಹೊಲೀತಾ ಇದೀನಿ ಕಣೇ. ಆಮೇಲೆ ಫೋನ್ ಮಾಡ್ತೀನಿ."

ಮೊದಲನೆಯ ಪರದೆ ಮತ್ತೆ ನೆಟ್ಟಗೆ ಇಳಿದು ನಿಂತಿತು. ಮರೀನುಸ್ ಅದನ್ನು ಸ್ವಲ್ಪ ಹೊತ್ತು ನೋಡಿ, ಊರುಗೋಲನ್ನು ಕೆಳಗಿಟ್ಟ.

"ಕಾಫಿ" ಎಂದ.

ಚಿಕ್ಕಮ್ಮ ಮಡಿಲಿನ ನಾಣ್ಯಗಳನ್ನು ನನ್ನ ಮಡಿಲಿಗೆ ಹಾಕಿ ಎದ್ದಳು.