ಹಸಿರು ಬಳೆಯಡಿ ಸಿಗದ ನಾಡಿ

೨೦೨೨ರಲ್ಲಿ ನಾನು ಹೈದರಾಬಾದಿನ ನಾರಾಯಣಗೂಡದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದೆ. ಬಸುರಿಯರ ತೂಕ, ಬಿ.ಪಿ., ನಾಡಿ ನೋಡಿ ಕಾರ್ಡಿನಲ್ಲಿ ಬರೆದು ಡಾಕ್ಟರ ಬಳಿ ಕಳಿಸುವುದು ನನ್ನ ಕೆಲಸ. ನಾನು ಬಾಗಲಕೋಟೆ ಕಡೆಯವಳೆಂದು ಗೊತ್ತಾದರೆ ಸಾಕು, ಕನ್ನಡದವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನನ್ನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನನ್ನಿಂದ ತಪ್ಪಾಗುವುದಿಲ್ಲ ಎಂಬ ಜಂಬವೂ ಇತ್ತು. ಆ ಜಂಬವನ್ನು ಇಳಿಸಿದ ಕೇಸ್ ಇದು.

ಮೊದಲು ನಮ್ಮ ಕೋಣೆಯ ವಿಷಯ ಹೇಳಬೇಕು. ಸ್ಕ್ಯಾನಿಂಗ್ ಯಂತ್ರಕ್ಕೆ ಜಾಗ ಮಾಡಲು ಅದನ್ನು ಎರಡು ಭಾಗ ಮಾಡಿದ್ದರು. ನಮ್ಮ ಪಾಲಿನ ಮಂಚ ಗೋಡೆಗೆ ಹತ್ತಿಕೊಂಡಿತು. ಮಲಗಿದವರ ಬಲಗೈ ಗೋಡೆಯ ಕಡೆ, ಎಡಗೈ ನಮ್ಮ ಕಡೆ. ಹಾಗಾಗಿ ಬಿ.ಪಿ. ಪಟ್ಟಿ ಸುತ್ತುತ್ತಿದ್ದುದು ಯಾವಾಗಲೂ ಎಡತೋಳಿಗೆ. ಯಾವ ಕೈ ಎಂದು ಕಾರ್ಡಿನಲ್ಲಿ ಯಾರೂ ಬರೆಯುತ್ತಿರಲಿಲ್ಲ. ಮಣಿಕಟ್ಟು ಹಿಡಿದು ನಾಡಿ ನೋಡುವುದೂ ತಪ್ಪಿಹೋಗಿತ್ತು. ಬೆರಳಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಆಕ್ಸಿಮೀಟರ್ ನಾಡಿಬಡಿತವನ್ನೂ ತೋರಿಸುತ್ತದಲ್ಲ!

ಸುಜಾತಾ ವಿಜಯಪುರ ಜಿಲ್ಲೆಯ ಹುಡುಗಿ, ಇಪ್ಪತ್ತೇಳು ವರ್ಷ. ನಮ್ಮ ಆಸ್ಪತ್ರೆಯ ಹಿಂದಿನ ಬೀದಿಯ ಕೋಚಿಂಗ್ ಸೆಂಟರಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಚೊಚ್ಚಲ ಬಸುರಿ. ಮೂರನೇ ತಿಂಗಳಿಂದ ನಾಲ್ಕು ಸಲ ಬಂದಿದ್ದಳು; ನಾಲ್ಕೂ ಸಲ ಅವಳ ಬಿ.ಪಿ. ನೂರರ ಆಸುಪಾಸು ಎಂದು ನಾನೇ ಬರೆದಿದ್ದೆ. ಐದನೇ ತಿಂಗಳಲ್ಲಿ ಒಂದು ಮಾತು ಹೇಳಿದ್ದಳು. ಅವಳು ಎಡಗೈಯಲ್ಲಿ ಬರೆಯುವವಳು.

"ಬೋರ್ಡ್ ಮ್ಯಾಲೆ ಹಾರ್ಟಿನ ಚಿತ್ರ ಅರ್ಧ ಬರಿಯೂದ್ರಾಗ ಕೈ ಸೋತು ಬರ್ತೈತ್ರಿ ಸಿಸ್ಟರ್."

"ಹುಡುಗರು ತಲಿ ತಿಂದ್ರ ಕೈಯೂ ಸೋಲ್ತೈತಿ ತಗೋ ಟೀಚರಮ್ಮ," ಎಂದು ನಗಾಡಿ ಕಳಿಸಿದ್ದೆ. ಆ ನಗೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಏಳನೇ ತಿಂಗಳಲ್ಲಿ ಕುಬಸ ಮಾಡಿಸಿಕೊಂಡ ಮರುದಿನವೇ ಬಂದಳು. ಕುಬಸವೆಂದರೆ ನಮ್ಮ ಕಡೆಯ ಸೀಮಂತ. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ, ಬೆರಳ ತುದಿಯವರೆಗೆ ಮದರಂಗಿ. ಜೊತೆಗೆ ಅತ್ತೆ ಗುರಮ್ಮನವರು. ಸುಜಾತಾಳ ಮುಖ ಮಾತ್ರ ಬಾಡಿತ್ತು. "ಮೂರು ದಿನದಿಂದ ತಲಿ ಸಿಡಿಯಾಕತ್ತೈತ್ರಿ. ಇವತ್ತ ಕಣ್ಣೂ ಮಂಜಾಗ್ಯಾವ," ಎಂದಳು. ಎಡತೋಳಿನಲ್ಲಿ ಬಿ.ಪಿ. ೧೦೪/೬೮. ಕಾರ್ಯಕ್ರಮದ ದಣಿವು, ನಿದ್ದೆಗೇಡು ಎಂದುಕೊಂಡು ಆಕ್ಸಿಮೀಟರ್ ಸಿಕ್ಕಿಸಿದೆ. ಏನೂ ತೋರಿಸಲಿಲ್ಲ. ಹಿಂದೆಯೂ ಅದು ತಡಮಾಡುತ್ತಿತ್ತು. ಬೆರಳು ತಣ್ಣಗಿದೆಯೆಂದು ಉಜ್ಜಿ ಮತ್ತೆ ಹಾಕುತ್ತಿದ್ದೆ. ಈ ಸಲ, ಅದರ ಬೆಳಕಿಗೆ ಅಡ್ಡವಾಗಿದೆಯೆಂದು ಮದರಂಗಿಯನ್ನು ದೂರಿದೆ. ಸುಮ್ಮನೆ ಬಲಗೈಯನ್ನು ಎಳೆದು ಅದೇ ಬೆರಳಿಗೆ ಹಾಕಿದೆ. ಅಲ್ಲಿಯೂ ಅಷ್ಟೇ ಕಪ್ಪು ಮದರಂಗಿ. ಅಂಕಿ ತಟ್ಟನೆ ಮೂಡಿತು.

ತಪ್ಪು ಮದರಂಗಿಯದಲ್ಲ. ಎಡಗೈ ನಾಡಿಯನ್ನು ಬೆರಳಿನಿಂದಲೇ ನೋಡಬೇಕಿತ್ತು, ಆದರೆ ಮಣಿಕಟ್ಟು ಬಳೆಗಳಡಿ ಮುಚ್ಚಿಹೋಗಿತ್ತು. ಸ್ವಲ್ಪ ತೆಗೆಯುತ್ತೇನೆ ಎಂದಿದ್ದೇ ತಡ, ಗುರಮ್ಮ ಅಡ್ಡ ಬಂದರು.

"ಕುಬಸದ ಬಳಿ ಹೆರಿಗಿ ಆಗೂ ತನಕ ತಗಿಯಂಗಿಲ್ರಿ. ನೀವೂ ನಮ್ಮ ಕಡೆಯವ್ರು, ಗೊತ್ತಿಲ್ಲೇನು?"

ಗೊತ್ತಿತ್ತು. ನನ್ನ ಮಗಳ ಬಳೆಯನ್ನು ನಾನೂ ಮುಟ್ಟಗೊಟ್ಟಿರಲಿಲ್ಲ. ಆದರೆ ಪಟ್ಟು ಹಿಡಿದರೆ ಬಿಡುವವಳಲ್ಲ ನಾನು. ಸೋಪು ನೀರಿನ ಬಟ್ಟಲು ತಂದಿಟ್ಟು, "ಒಂದೂ ಒಡಿಯಂಗಿಲ್ಲ. ಆರು ಬಳಿ ನಿಮ್ಮ ಕೈಯಾಗ ಕೊಡ್ತೀನಿ, ನೀವ ಮತ್ತ ಇಡ್ರಿ. ನಾಡಿ ನೋಡದ ಇವಳನ್ನ ಮನಿಗೆ ಮಾತ್ರ ಕಳಸಂಗಿಲ್ಲ," ಎಂದೆ. ಗುರಮ್ಮ ಮುಖ ಗಂಟಿಕ್ಕಿಕೊಂಡೇ ಸೆರಗು ಒಡ್ಡಿದರು.

ಬಳೆ ಜಾರಿಸಿ ಮೂರು ಬೆರಳಿಟ್ಟೆ. ಏನೂ ಇಲ್ಲ. ಸರಿಸಿ ಇಟ್ಟೆ, ಒತ್ತಿ ಇಟ್ಟೆ. ಬಿಸಿಯಾದ ಜೀವಂತ ಕೈ, ನಾಡಿ ಇಲ್ಲ. ಸುಜಾತಾಳನ್ನು ಕುರ್ಚಿಗೆ ಕೂರಿಸಿ ಬಲತೋಳಿಗೆ ಪಟ್ಟಿ ಸುತ್ತಿದೆ: ೧೭೪/೧೧೦. ಬಸುರಿಯರಲ್ಲಿ ೧೪೦/೯೦ ಮುಟ್ಟಿದರೇ ನಾವು ಎಚ್ಚರವಾಗುತ್ತೇವೆ. ಇಷ್ಟು ಒತ್ತಡಕ್ಕೆ ಫಿಟ್ಸ್ ಬರಬಹುದು, ಮೆದುಳಿನಲ್ಲಿ ರಕ್ತಸ್ರಾವವಾಗಬಹುದು, ತಾಯಿ ಮಗು ಇಬ್ಬರೂ ಕೈತಪ್ಪಬಹುದು.

ಅವಳು ಅಂಕಿಯನ್ನು ನೋಡಿದಳು. ಹೃದಯದಿಂದ ಹೊರಡುವ ಮಹಾಪಧಮನಿ ಕಮಾನಿನಂತೆ ಬಾಗಿ, ಆ ಬಾಗಿನಿಂದ ತಲೆಗೂ ತೋಳುಗಳಿಗೂ ಕವಲೊಡೆಯುತ್ತದೆ. ದಿನಾ ಬೋರ್ಡಿನ ಮೇಲೆ ಅದನ್ನೇ ಬರೆಯುವವಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

"ಎಡಗಡೆ ಕವಲು ಕಟ್ಟೇತೇನ್ರಿ? ಹಂಗಾದ್ರ ಇಷ್ಟು ದಿನ ಬರದದ್ದು ನನ್ನ ಬಿ.ಪಿ. ಅಲ್ಲ?"

"ಅಲ್ಲವ್ವ. ಕಟ್ಟಿದ ನಾಳದಾಗ ಉಳಿದಿದ್ದಷ್ಟ ಬರದೀನಿ," ಎಂದೆ.

ಡಾಕ್ಟರ ಕೋಣೆಗೆ ಓಡಿಹೋಗಿ ಹೇಳಿದೆ. ಮೇಡಂ ತೆಲುಗಿನಲ್ಲಿ, ನಾಲ್ಕು ತಿಂಗಳು ನಾರ್ಮಲ್ ಇದ್ದದ್ದು ಹೇಗೆ ಏರುತ್ತದೆ, ಮಿಷನ್ ಕೆಟ್ಟಿರಬೇಕು ಎಂದರು. ಹೊರಗೆ ಸಾಲು ಕಾಯುತ್ತಿತ್ತು. ನಾನು ಬಾಗಿಲಿನಿಂದ ಕದಲಲಿಲ್ಲ. ಆ ನಾರ್ಮಲ್ ಬರೆದವಳೇ ನಾನು, ತಪ್ಪು ನನ್ನದು, ನೀವೇ ಒಮ್ಮೆ ಎರಡೂ ಕೈ ಮುಟ್ಟಿ ನೋಡಿ ಎಂದೆ. ಅವರು ಎದ್ದು ಬಂದು ಮುಟ್ಟಿದರು. ಆಮೇಲೆ ಒಂದು ನಿಮಿಷವೂ ವ್ಯರ್ಥವಾಗಲಿಲ್ಲ. ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಬಲಗೈ ನಾಡಿ ಬಿಡಲಿಲ್ಲ. ಗುರಮ್ಮ ಆ ಆರು ಬಳೆಗಳನ್ನು ಸೆರಗಿನಲ್ಲಿ ಗಂಟು ಕಟ್ಟಿ ಹಿಡಿದಿದ್ದರು.

ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಎಡತೋಳಿನ ಅಪಧಮನಿ ಬುಡದಲ್ಲೇ ಕಿರಿದಾಗಿದ್ದುದು ಕಂಡಿತು. ಟಕಯಾಸು ಎಂಬ ಕಾಯಿಲೆ: ದೊಡ್ಡ ಅಪಧಮನಿಗಳ ಗೋಡೆಗಳು ಊದಿ ದಪ್ಪವಾಗುತ್ತವೆ, ಹೆಚ್ಚಾಗಿ ಎಳೆ ವಯಸ್ಸಿನ ಹೆಂಗಸರಿಗೆ. ಔಷಧಿಯಿಂದ ಒತ್ತಡ ಇಳಿಸಿ ಐದು ವಾರ ಕಾದರು. ಸಿಸೇರಿಯನ್ ಆಯಿತು. ಹೆಣ್ಣುಮಗು, ಒಂದು ಕೆ.ಜಿ. ಒಂಬೈನೂರು ಗ್ರಾಂ; ತಾಯಿ ಮಗು ಇಬ್ಬರೂ ಕ್ಷೇಮ. ಸುದ್ದಿ ಫೋನಿನಲ್ಲಿ ಬಂದಾಗ ತಪಾಸಣೆ ಕೋಣೆಯಲ್ಲೇ ಕೂತು ಅತ್ತುಬಿಟ್ಟೆ.

ಅವಳ ಹಳೆಯ ಕಾರ್ಡನ್ನು ನಾನು ಬದಲಿಸಲಿಲ್ಲ. ನಾಲ್ಕು ಅಂಕಿಗಳ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ 'ಎಡಗೈ ಮಾತ್ರ' ಎಂದು ಬರೆದು ಸಹಿ ಮಾಡಿದೆ. ಜಗಳವಾಡಿ ಮಂಚವನ್ನು ಗೋಡೆಯಿಂದ ಈಚೆಗೆ ಎಳೆಸಿದೆ. ಹೊಸ ಬಸುರಿ ಬಂದರೆ ಮೊದಲ ದಿನ ಎರಡೂ ಕೈ ನೋಡಬೇಕು, ನಾಡಿಯನ್ನು ಬೆರಳಿನಿಂದ ನೋಡಬೇಕು ಎಂಬ ನಿಯಮ ಬಂತು. ಯಂತ್ರ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಕೈ ಬಗ್ಗೆ ಅದು ಉತ್ತರ ಕೊಟ್ಟಿತ್ತು; ಇನ್ನೊಂದು ಕೈಯನ್ನು ಕೇಳದೆ ಬಿಟ್ಟವಳು ನಾನು.

ವರ್ಷ ಕಳೆದ ಮೇಲೆ ಗುರಮ್ಮ ತಮ್ಮ ತಲೆಸುತ್ತು ತೋರಿಸಲು ನನ್ನನ್ನೇ ಹುಡುಕಿಕೊಂಡು ಬಂದರು. ನಾನು ಬಿ.ಪಿ. ಪಟ್ಟಿ ಕೈಗೆತ್ತಿಕೊಳ್ಳುವ ಮೊದಲೇ ಬಳೆಗಳನ್ನು ತಾವೇ ಮೇಲಕ್ಕೆ ಸರಿಸಿಕೊಂಡು, ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು.

"ಎರಡೂ ನೋಡ್ರಿ ಸಿಸ್ಟರ್. ಅವಸರಿಲ್ಲ, ನಾ ಕುಂದರ್ತೀನಿ."