ಒಂದು ಮೊರ ತೌಡಿನ ಹೆಸರು

“ಕೂಸಿನ ಎಸ್ರೇನವ್ವ?” ಬಂಡಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಕೇಳಿದರು.

“ನೈರಾ,” ಎಂದೆ ಹೆಮ್ಮೆಯಿಂದ. ಯಾರಿಗೂ ಇಲ್ಲದ ಹೆಸರೇ ಬೇಕೆಂದು ತಿಂಗಳುಗಟ್ಟಲೆ ಮೊಬೈಲ್‌ನಲ್ಲಿ ಹುಡುಕಿ ಇಟ್ಟಿದ್ದೆ.

“ಅಂಗಂದ್ರೆ?” ಎಂದರು. ಅದು ನನಗೂ ಗೊತ್ತಿರಲಿಲ್ಲ. ಮಾತು ತಪ್ಪಿಸಲು ಅವರ ಹೆಸರು ಕೇಳಿದೆ. ತೌಡಮ್ಮನಂತೆ! ನಗು ತಡೆದುಕೊಂಡೆ.

“ನನ್ಗಿಂತ ಮುಂಚೆ ಉಟ್ಟಿದ್ದ ನಾಕು ಕೂಸು ತೀರೋಗಿದ್ವು ಕಣವ್ವ. ಅದ್ಕೆ ನಮ್ಮವ್ವ ನನ್ನ ಪಕ್ಕದ ಮನೆಗೆ ಒಂದು ಮೊರ ತೌಡಿಗೆ ಮಾರಿ, ಆಮೇಲೆ ಸಾಕಕೆ ಈಸ್ಕಂಡ್ಳು. ಈ ಕೂಸು ಇವಳ್ದಲ್ಲ ಅಂತ ಜವರಾಯ ವಾಪಸ್ ಒಂಟೋದ.”

ಅದಾಗಿ ಕೆಲವು ವರ್ಷಗಳ ಮೇಲೆ, ಮೊನ್ನೆ ಮಗಳನ್ನು ಕೊಳ್ಳೇಗಾಲದಲ್ಲಿ ಶಾಲೆಗೆ ಸೇರಿಸಿದೆ. ತರಗತಿಯಲ್ಲಿ ಆಗಲೇ ಇಬ್ಬರು ನೈರಾ ಇದ್ದಾರೆಂದು ಟೀಚರ್ ಅವಳ ಹೆಸರಿನ ಮುಂದೆ ‘ಮೂರು’ ಎಂದು ಬರೆದುಕೊಂಡರು. ತೌಡಮ್ಮ ಎಂದಿಟ್ಟಿದ್ದರೆ ನಂಬರು ಬೇಕಾಗುತ್ತಿರಲಿಲ್ಲ.