ಸ್ನೆಝಾನಳ ಜೀಪು ಕುದಿಯುವುದಿಲ್ಲ

ರೊದೊಪಿ ಬೆಟ್ಟದ ನಮ್ಮ ಹಳ್ಳಿಯಿಂದ ಹದ್ದಿನ ಕಲ್ಲೆಂಬ ತುದಿಗೆ ಪ್ರವಾಸಿಗಳನ್ನು ಹತ್ತಿಸಿಕೊಂಡು ಹೋಗುವ ಜೀಪುಗಳು ಎರಡೇ. ಒಂದು ವೆಲ್ಕೊ ಚಕಾರೊವನದು, ಇನ್ನೊಂದು ಸ್ನೆಝಾನಳದು. ದಾರಿ ಶುರುವಾಗುವಲ್ಲೇ ನನ್ನ ಕಾಫಿ ಅಂಗಡಿ. ಅವರಿಬ್ಬರ ನಡುವೆ ನಡೆದದ್ದರಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಅವರೇ ಹೇಳಿದ್ದು.

ವೆಲ್ಕೊಗೆ ಐವತ್ತೆರಡು. ಕಾಡಿನಿಂದ ಮರ ಸಾಗಿಸುವ ಲಾರಿಯನ್ನು ಇಪ್ಪತ್ತು ವರ್ಷ ಓಡಿಸಿದವನು. ಹಳೆಯ ಮಿಲಿಟರಿ ಜೀಪೊಂದನ್ನು ತಂದು, ಗೇಣೆತ್ತರ ಏರಿಸಿ, ದಪ್ಪ ಟೈರು ತೊಡಿಸಿ, ಲಾರಿಯ ಡೀಸೆಲ್ ಎಂಜಿನ್ನನ್ನು ಅದರೊಳಗೆ ಕೂರಿಸಿದ್ದ. ಅದು ಗುಡುಗಿದರೆ ನಾಯಿಗಳು ಬಾಲ ಮುದುರುತ್ತಿದ್ದವು. ಆದರೆ ಮೂರನೆಯ ತಿರುವು ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿ ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಪ್ರವಾಸಿಗಳು ಇಳಿದು ಅಲ್ಲಿದ್ದ ನೀರಿನ ತೊಟ್ಟಿಯ ಹತ್ತಿರ ಅರ್ಧ ಗಂಟೆ ಕಾಯಬೇಕು.

"ವೆಲ್ಕೊ ಅಣ್ಣನ ಜೀಪಲ್ಲಿ ಹೋಗೋರು ಚಹಾ ಸೊಪ್ಪು ಜೇಬಲ್ಲಿಟ್ಕೊಳ್ರಪ್ಪಾ, ಬಿಸಿನೀರು ಅವನದೇ!" ಎಂದು ಅಂಚೆಯವನು ನನ್ನ ಅಂಗಡಿಯಲ್ಲಿ ಕೂತು ಕೂಗುತ್ತಿದ್ದ.

ಸ್ನೆಝಾನಳ ಗಂಡ ಆಂಟನ್ ವೆಲ್ಕೊನ ಗೆಳೆಯ. ಮರ ಕಡಿಯುವಾಗ ಸತ್ತ. ಅವಳು ಪಟ್ಟಣದ ಬಟ್ಟೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಗಂಡನ ಜೀಪು ಹೊರಗೆ ತೆಗೆದಳು. ಅದೂ ಅಂಥದೇ ಜೀಪು, ಅದೇ ಲಾರಿ ಎಂಜಿನ್. ಕೂರಿಸಿಕೊಟ್ಟವನೂ ವೆಲ್ಕೊನೇ. ಆದರೂ ಅವಳದು ಕುದಿಯುತ್ತಿರಲಿಲ್ಲ.

ಅವನ ಎದೆಗೆ ಮುಳ್ಳು ಚುಚ್ಚಿದ್ದು ಇದೇ. ರೇಡಿಯೇಟರ್ ಬದಲಿಸಿದ, ನೀರಿನ ಪಂಪು ಬದಲಿಸಿದ, ಥರ್ಮೋಸ್ಟಾಟ್ ಕಿತ್ತೆಸೆದ. ಏನೂ ಆಗಲಿಲ್ಲ. ಊಟಕ್ಕೆ ಕೂತರೂ ಕಿವಿ ಹೊರಗೆ, ಅವಳ ಜೀಪು ಎಷ್ಟನೇ ಸಲ ಹತ್ತಿತು ಎಂದು.

"ಹೋಗಿ ಅವಳನ್ನೇ ಕೇಳ್ಬಾರ್ದಾ?" ಎಂದಳು ಹೆಂಡತಿ ತೊದೊರ್ಕಾ.

"ಅಂಗಿಗೆ ಗುಂಡಿ ಹಚ್ತಿದ್ದವಳನ್ನ? ನಾನು?"

ಜುಲೈ ತಿಂಗಳ ಒಂದು ಭಾನುವಾರ. ಪ್ಲೊವ್ದಿವ್‌ನಿಂದ ಬಂದ ಎಂಟು ಜನ ಸೀದಾ ಸ್ನೆಝಾನಳ ಜೀಪು ಹತ್ತಿ ಕೂತರು. ಅವಳು ನೀರು ತುಂಬಿಸಿಕೊಳ್ಳಲು ಹೋಗಿದ್ದಳು. ವೆಲ್ಕೊ ಮೆಲ್ಲಗೆ ಹತ್ತಿರ ಹೋದ.

"ಹೇಳ್ಬಾರ್ದು ಅಂದ್ಕೊಂಡಿದ್ದೆ. ಈ ಗಾಡಿ ಬ್ರೇಕ್ ಅಷ್ಟಕ್ಕಷ್ಟೆ."

ಎಂಟೂ ಜನ ಇಳಿದು ಅವನ ಜೀಪಿಗೆ ಬಂದರು. ನಾನು ಕೇಳಿಸಿಕೊಂಡೆ, ಸುಮ್ಮನಿದ್ದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಸ್ನೆಝಾನ ಬಂದು ಜೀಪಿನ ಖಾಲಿ ಬೆಂಚು ನೋಡಿದಳು, ಬೇರೆ ಇಬ್ಬರನ್ನು ಹತ್ತಿಸಿಕೊಂಡಳು.

ಮೂರನೆಯ ತಿರುವಿನಲ್ಲಿ ವೆಲ್ಕೊನ ಜೀಪು ಎಂದಿನಂತೆ ಕುದಿಯಿತು. ಕೆಳಗಿನಿಂದ ಅವಳ ಗಾಡಿಯ ಸದ್ದು ಏರಿ ಬರುತ್ತಿತ್ತು. ಅವಳು ಬರುವುದರೊಳಗೆ ಅಲ್ಲಿಂದ ಹೊರಡಬೇಕು, ಅವಳು ನೋಡಬಾರದು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದೆಂದು ಊರಿಗೆಲ್ಲ ಬುದ್ಧಿ ಹೇಳಿದವನು, ಒಂದು ಚಿಂದಿ ಸುತ್ತಿ ಮುಚ್ಚಳ ತಿರುಗಿಸಿದ. ಕುದಿಯುವ ನೀರು ಚಿಮ್ಮಿ ಬಲಗೈ ಮೊಣಕೈವರೆಗೆ ಸುಟ್ಟಿತು.

ಸ್ನೆಝಾನ ಜೀಪಿನಿಂದ ಇಳಿದವಳೇ ಅವನ ಕೈಯನ್ನು ತೊಟ್ಟಿಗೆ ಬೀಳುವ ನೀರಿನ ಧಾರೆಗೆ ಹಿಡಿದಳು. ಅವನು ಎಳೆದುಕೊಂಡರೂ ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ಎಲ್ಲರನ್ನೂ ತನ್ನ ಜೀಪಿಗೇ ತುಂಬಿಕೊಂಡು ಕೆಳಗೆ ಡಾಕ್ಟರ ಬಳಿಗೆ ಹೊರಟಳು. ಇಳಿಜಾರಿನಲ್ಲಿ ಪ್ಲೊವ್ದಿವ್‌ನ ಒಬ್ಬ ಹೆಂಗಸು ಹೆದರಿ ಕೇಳಿಯೇಬಿಟ್ಟಳು: "ಅಮ್ಮಾ, ಇದರ ಬ್ರೇಕ್ ಸರಿ ಇಲ್ವಂತಲ್ಲ?"

"ಯಾರು ಹೇಳಿದ್ದು?"

ವೆಲ್ಕೊ, "ನಾನೇ" ಎಂದ. "ಸುಳ್ಳು ಹೇಳ್ದೆ."

ಅವಳು ಅಲ್ಲೇ, ಕಡಿದಾದ ಜಾಗದಲ್ಲಿ, ಬ್ರೇಕ್ ಒತ್ತಿದಳು. ಜೀಪು ಗೂಟ ಹೊಡೆದಂತೆ ನಿಂತಿತು. "ಇನ್ನೊಂದ್ಸಲ ತೋರಿಸ್ಲಾ, ವೆಲ್ಕೊ ಅಣ್ಣ?"

ಅವನಿಗೆ ಸುಟ್ಟ ಕೈಗಿಂತ ಆ ಮಾತು ಹೆಚ್ಚು ಉರಿಯಿತಂತೆ.

ನಾಲ್ಕನೆಯ ದಿನ ಅವಳು ಅವನ ಅಂಗಳಕ್ಕೆ ಬಂದಳು. ಕಂಕುಳಲ್ಲಿ ಹಳೆಯ ಪೇಪರು, ಕೈಯಲ್ಲಿ ಚೀಸಿನ ಖಾಲಿ ಡಬ್ಬಗಳು. ತೊದೊರ್ಕಾ ನನ್ನನ್ನೂ ಕರೆಸಿದ್ದಳು, ಜಗಳವಾದರೆ ಬಿಡಿಸಲು ಇರಲಿ ಎಂದು.

"ಸ್ಟಾರ್ಟ್ ಮಾಡು" ಎಂದಳು ಸ್ನೆಝಾನ. ಪೇಪರನ್ನು ರೇಡಿಯೇಟರಿನ ಮುಂದೆ ಹಿಡಿದಳು. ನಡುಭಾಗ ಅಂಟಿಕೊಂಡಿತು, ನಾಲ್ಕು ಮೂಲೆಗಳು ಪಟಪಟ ಬಡಿದುಕೊಂಡವು. "ನೋಡು, ಮಧ್ಯದಲ್ಲಿ ಮಾತ್ರ ಎಳೀತಿದೆ. ಎಂಜಿನ್ ಹಿಂದೆ ಸರಿಸಿದ್ಯಲ್ಲ, ಫ್ಯಾನಿಗೂ ರೇಡಿಯೇಟರಿಗೂ ನಡುವೆ ಒಂದು ಗೇಣು ಸಂದು. ಫ್ಯಾನಿನ ಸುತ್ತ ಇದ್ದ ಕವಚ ಎಲ್ಲಿ?"

"ಕೂರ್ಲಿಲ್ಲ. ಬಿಸಾಕ್ದೆ."

"ಆಂಟನ್ ಗಾಡೀದೂ ನೀನೇ ಬಿಸಾಕಿದ್ದೆ. ಜೋರಾಗಿ ಓಡೋವಾಗ ಗಾಳಿ ತಾನಾಗೇ ನುಗ್ಗತ್ತೆ. ನಿಧಾನ ಹತ್ತುವಾಗ ಫ್ಯಾನೇ ಎಳೀಬೇಕು. ಕವಚ ಇಲ್ದಿದ್ರೆ ಎಂಜಿನ್ನಿನ ಬಿಸಿ ಗಾಳೀನೇ ಎಳ್ಕೊಂಡು ಸುತ್ತತ್ತೆ. ನಾನೂ ಎರಡು ತಿಂಗಳು ಕುದಿಸಿದ್ದೀನಿ. ಬೆಳಗ್ಗೆ ಐದಕ್ಕೆ ಹೋಗ್ತಿದ್ದೆ, ಯಾರೂ ನೋಡ್ದಿರ್ಲಿ ಅಂತ. ಆಮೇಲೆ ತಗಡಿನ ಕವಚ ಮಾಡಿ ಕೂರಿಸ್ದೆ."

ಆಮೇಲೆ ಅವಳು ಪೇಪರನ್ನು ರವಿಕೆಯ ಅಳತೆಯಂತೆ ಕತ್ತರಿಸಿ, ಅದೇ ಅಳತೆಗೆ ಡಬ್ಬದ ತಗಡು ಕತ್ತರಿಸಿ, ರಿವೆಟ್ ಬಡಿದು ಜೋಡಿಸಿದಳು. ಫ್ಯಾನಿನ ರೆಕ್ಕೆಯ ಸುತ್ತ ಒಂದು ಬೆರಳಷ್ಟು ಜಾಗ ಬಿಟ್ಟಳು. ಬಲಗೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ವೆಲ್ಕೊಗೆ ತಗಡು ಹಿಡಿಯುವುದಷ್ಟೇ ಕೆಲಸ. ಮತ್ತೆ ಪೇಪರು ಹಿಡಿದಾಗ ಮೂಲೆಮೂಲೆಯೂ ಒದ್ದೆ ಬಟ್ಟೆಯಂತೆ ಅಂಟಿತು.

"ಯಾಕೆ ಮಾಡ್ಕೊಟ್ಟೆ?" ಎಂದ ವೆಲ್ಕೊ, ಅವಳ ಮುಖ ನೋಡದೆ.

"ದಾರಿ ಒಂದೇ ಗಾಡಿ ಅಗಲ. ನೀನು ನಿಂತ್ರೆ ನಾನೂ ನಿಲ್ಬೇಕಲ್ಲ."

ಈಗ ಅವನ ಜೀಪು ಹದ್ದಿನ ಕಲ್ಲಿನವರೆಗೂ ಒಂದೇ ಉಸಿರಿಗೆ ಹತ್ತುತ್ತದೆ. ಹೊಟ್ಟೆಕಿಚ್ಚು ಆರಿತೆಂದು ನೀವು ತಿಳಿದರೆ ತಪ್ಪು. ಮೊನ್ನೆ ಅಂಗಡಿಗೆ ಬಂದವನು ಕಾಫಿ ಕಲಕುತ್ತಾ ಹೇಳಿದ: "ಮೊದ್ಲೇ ವಾಸಿಯಿತ್ತು ಕಣೋ. ಬೈಯೋಕೆ ಎಂಜಿನ್ ಆದ್ರೂ ಇತ್ತು. ಈಗ ಮುಳ್ಳು ನೋಡ್ದಾಗೆಲ್ಲ ಅವಳ ಕತ್ತರಿ ಸದ್ದೇ ಕಿವೀಲಿ."

ಅಷ್ಟರಲ್ಲಿ ಸ್ನೆಝಾನಳ ಜೀಪು ತುಂಬಿ ಹೊರಟಿತು. ಅವನು ತಲೆಗಳನ್ನು ಎಣಿಸಿದ, ಬಾಕಿ ಕಾಫಿ ಹಾಗೇ ಬಿಟ್ಟು ಎದ್ದು ಹೋದ.